ಒಂದೂವರೆ ಗಂಟೆಯ ದಾರಿ

ಮನೆ ಮಾಲೀಕ ಬಂದದ್ದು ನಲ್ಲಿ ರಿಪೇರಿಗೆ. ವಾಷರ್ ಬದಲಿಸಿ, ನೀರು ಬಿಟ್ಟು, ತೊಟ್ಟಿಕ್ಕುವುದು ನಿಂತಿತೆಂದು ಖಾತ್ರಿ ಮಾಡಿಕೊಂಡು, ಕೈ ಒರೆಸಿಕೊಳ್ಳುತ್ತಾ ಮೆಟ್ಟಿಲ ಬಳಿ ನಿಂತ.

"ಇನ್ನೊಂದು ವಿಷಯ ಅಮ್ಮ. ಕಟ್ಟಡ ಮಾರ್ತಾ ಇದೀನಿ. ತಗೊಳ್ಳೋರು ಕೆಡವಿ ಹೊಸದು ಕಟ್ತಾರಂತೆ. ಎರಡು ತಿಂಗಳು ಟೈಮ್ ಇದೆ."

"ಹಾಗಿದ್ರೆ ನಲ್ಲಿ ಯಾಕೆ ರಿಪೇರಿ ಮಾಡಿದ್ರಿ?" ಎಂದು ಅವಳ ಬಾಯಿಂದ ತಟ್ಟನೆ ಬಂತು.

"ಎರಡು ತಿಂಗಳು ನೀರು ಸೋರಬಾರದಲ್ಲಮ್ಮ" ಎಂದ ಅವನು. ಮನುಷ್ಯ ಕೆಟ್ಟವನಲ್ಲ. ಅದೇ ತೊಂದರೆ, ಜಗಳ ಆಡುವುದಕ್ಕೂ ಅವನು ಅವಕಾಶ ಕೊಡಲಿಲ್ಲ.

ಚಪ್ಪಲಿ ಅಂಗಡಿಯ ಮೇಲಿನ ಆ ಎರಡು ಕೋಣೆಗಳಲ್ಲಿ ಅವರು ಹನ್ನೊಂದು ವರ್ಷ ಕಳೆದಿದ್ದರು. ಅವಳ ಕೆಲಸ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಕನ್ನಡಕ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಗಾಜಿಗೆ ಅಂಚು ಕೊರೆಯುವವಳು ಅವಳು. ದುಂಡಗಿನ ಗಾಜನ್ನು ತಿರುಗುವ ಕಲ್ಲಿಗೆ ಹಿಡಿದು, ಫ್ರೇಮಿನ ಆಕಾರಕ್ಕೆ ಸವೆಸಿ, ಕೂದಲೆಳೆಯಷ್ಟೂ ಸಂದು ಬಿಡದಂತೆ ಕೂರಿಸಬೇಕು. ಕಲ್ಲಿನ ಮೇಲೆ ದಿನವಿಡೀ ನೀರು ಹರಿಯುತ್ತಿರುವುದರಿಂದ ಅವಳ ಬೆರಳ ತುದಿಗಳು ಯಾವಾಗಲೂ ಬಿಳಿಚಿಕೊಂಡು ಸುಕ್ಕಾಗಿರುತ್ತಿದ್ದವು. ಗಂಡ ಲಿಫ್ಟ್ ಮೆಕ್ಯಾನಿಕ್. ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಚೀಲ ಹೆಗಲಿಗೇರಿಸಿಕೊಂಡು ಓಡಬೇಕು. "ಊರಿನವರನ್ನೆಲ್ಲ ಮೇಲಕ್ಕೆ ಹತ್ತಿಸ್ತಾನೆ. ಹೆತ್ತ ತಾಯಿಗೆ ಮಾತ್ರ ಮೆಟ್ಟಿಲೇ ಗತಿ" ಎಂದು ಅವನ ತಾಯಿ ಹೇಳಿ ನಗುತ್ತಿದ್ದರು.

ಆ ಅತ್ತೆಯೂ ಅವರ ಜೊತೆಗೇ ಇದ್ದರು. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗದಲ್ಲಿ, ಮಡಚುವ ಮಂಚದ ಮೇಲೆ ಅವರು ಹನ್ನೊಂದು ವರ್ಷ ಮಲಗಿದ್ದರು. ಯಾರು ಬಚ್ಚಲಿಗೆ ಹೋಗಬೇಕಾದರೂ ಅವರು ಕಾಲು ಮಡಚಿಕೊಳ್ಳಬೇಕಿತ್ತು. "ಈ ಮನೇಲಿ ನಾನೇ ಗೇಟ್ ಕಾಯೋಳು. ನನ್ನ ಎಬ್ಬಿಸದೆ ಯಾರಿಗೂ ದಾರಿ ಇಲ್ಲ" ಎನ್ನುವರು. ಮನೆಯ ಕೊನೆಯ ಪ್ರಾಣಿ ಏಳು ವರ್ಷದ ಮಗಳು. ಒಂದು ಕಡೆ ಕೂರದೆ ಸುತ್ತುತ್ತಲೇ ಇರುತ್ತಿದ್ದ ಅವಳನ್ನು ಎಲ್ಲರೂ ಗಿರಗಿಟ್ಲೆ ಎಂದೇ ಕರೆಯುತ್ತಿದ್ದರು.

ನಾಲ್ಕು ಭಾನುವಾರ ಊರೊಳಗೆ ಮನೆ ಹುಡುಕಿದರು. ಒಂದಕ್ಕೆ ಕಿಟಕಿಯೇ ಇರಲಿಲ್ಲ. ಇನ್ನೊಂದಕ್ಕೆ ಕಿಟಕಿ ಇತ್ತು, ತೆರೆದರೆ ಎದುರು ಕಟ್ಟಡದ ಗೋಡೆ ಕೈಗೆ ತಾಗುತ್ತಿತ್ತು. ಚೆನ್ನಾಗಿದ್ದವುಗಳ ಬಾಡಿಗೆ ಕೇಳಿದರೆ ಗಂಡ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಕೊನೆಗೆ ಅವನ ಜೊತೆ ಕೆಲಸ ಮಾಡುವವನೊಬ್ಬ, ಬಸ್ಸಿನ ಕೊನೆಯ ಸ್ಟಾಪಿನಾಚೆ ಹೊಸ ಬಡಾವಣೆಯಾಗಿದೆ, ಇದೇ ಬಾಡಿಗೆಗೆ ಮೂರು ಕೋಣೆ ಸಿಗುತ್ತದೆ ಎಂದ.

ಐದನೆಯ ಭಾನುವಾರ ನಾಲ್ವರೂ ನೋಡಲು ಹೋದರು. ಬಸ್ಸು ಖಾಲಿ, ರಸ್ತೆ ಖಾಲಿ; ಒಂದು ಗಂಟೆ ಹತ್ತು ನಿಮಿಷದಲ್ಲಿ ತಲುಪಿದರು. "ಮಾಮೂಲಿ ದಿನಾನೂ ಇಷ್ಟೇ, ಹೆಚ್ಚು ಅಂದ್ರೆ ಐದು ನಿಮಿಷ ಆ ಕಡೆ ಈ ಕಡೆ" ಎಂದ ಬ್ರೋಕರ್. ಮನೆ ನಿಜಕ್ಕೂ ಚೆನ್ನಾಗಿತ್ತು. ಎರಡು ಕಡೆಯಿಂದ ಬೆಳಕು, ಬಟ್ಟೆ ಒಣಗಿಸಲು ತಾರಸಿ, ಎದುರಿಗೆ ಇನ್ನೂ ಯಾರೂ ಕಟ್ಟದ ಬಯಲು. ಮಗಳು ಬಯಲಿನ ತುಂಬಾ ಓಡಾಡಿದಳು. ಅತ್ತೆ ಮೂಲೆಯ ಸಣ್ಣ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎಷ್ಟು ಹೊತ್ತಾದರೂ ಬರಲಿಲ್ಲ.

"ಅಮ್ಮ, ಏನು ಮಾಡ್ತಾ ಇದೀಯ?" ಎಂದು ಗಂಡ ಬಾಗಿಲು ತಟ್ಟಿದ.

"ಏನಿಲ್ಲ ಕಣೋ. ಬಾಗಿಲು ಹಾಕ್ಕೊಂಡು ನೋಡ್ತಿದೀನಿ" ಎಂದು ಒಳಗಿನಿಂದ ದನಿ ಬಂತು. "ಹಾಕಿದ್ರೆ ಹಾಕ್ಕೊಳುತ್ತೆ."

ಬ್ರೋಕರ್ ನಕ್ಕ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆದರೂ ಅವಳು ಎಚ್ಚರದವಳು. ಅಳೆಯದೆ ಗಾಜು ಕೊರೆಯುವವಳಲ್ಲ. ಆ ಬುಧವಾರ ರಜೆ ಹಾಕಿ ಬೆಳಗಿನ ಜಾವದ ಬಸ್ಸಿನಲ್ಲಿ ಒಬ್ಬಳೇ ಬಡಾವಣೆಗೆ ಹೋದಳು. ಏಳು ಗಂಟೆಗೆ ಸರಿಯಾಗಿ, ಕೆಲಸಕ್ಕೆ ಹೊರಟವರ ಹಾಗೆ, ಅಲ್ಲಿಂದ ತಿರುಗಿ ಹೊರಟಳು. ಮೂರನೆಯ ಸ್ಟಾಪಿಗೆ ಬಸ್ಸು ತುಂಬಿತು. ಐದನೆಯದರಲ್ಲಿ ಬಾಗಿಲಲ್ಲಿ ಜನ ಜೋತುಬಿದ್ದರು. ಒಂದು ಸೇತುವೆಯ ಮೇಲೆ ಇಪ್ಪತ್ತೈದು ನಿಮಿಷ ನಿಂತಲ್ಲೇ ನಿಂತಿತು. ಬಸ್ಸು ಬದಲಿಸಿ, ನಡೆದು, ಕಾರ್ಖಾನೆಯ ಬಾಗಿಲ ಮೇಲಿನ ಗಡಿಯಾರ ನೋಡಿದಾಗ ಒಂಬತ್ತು ಇಪ್ಪತ್ತು. ಎರಡು ಗಂಟೆ ಇಪ್ಪತ್ತು ನಿಮಿಷ. ಸಂಜೆಯೂ ಅಷ್ಟೇ ಆದರೆ ದಿನದ ಹತ್ತಿರ ಹತ್ತಿರ ಐದು ಗಂಟೆ ಬಸ್ಸಿಗೇ ಮುಡಿಪು. ಇದು ಆಗುವ ಮಾತಲ್ಲ ಎಂದು ದಾರಿಯಲ್ಲೇ ತೀರ್ಮಾನಿಸಿದಳು. ಹೇಗೆ ಹೇಳಬೇಕೆಂದು ಮಾತನ್ನೂ ಜೋಡಿಸಿಕೊಂಡಳು.

ಮನೆಗೆ ಬಂದರೆ ಅತ್ತೆ ನೆಲದಲ್ಲಿ ಕೂತು ಒಂದು ದಾರದಿಂದ ತಮ್ಮ ಮಂಚದ ಉದ್ದ ಅಳೆಯುತ್ತಿದ್ದರು. ಹೊಸ ಮನೆಯ ಸಣ್ಣ ಕೋಣೆಯ ಗೋಡೆಯ ಅಳತೆಗೂ ಭಾನುವಾರವೇ ಒಂದು ಗಂಟು ಹಾಕಿಟ್ಟುಕೊಂಡಿದ್ದರು. "ಇಷ್ಟು ಜಾಗ ಮಿಗುತ್ತೆ ನೋಡೇ. ಒಂದು ಕುರ್ಚಿ ಹಾಕ್ಕೋಬಹುದು" ಎಂದು ದಾರ ಎತ್ತಿ ತೋರಿಸಿ, "ಎಷ್ಟು ಹೊತ್ತು ಹಿಡೀತು?" ಎಂದರು.

"ಒಂದೂವರೆ ಗಂಟೆ ಅತ್ತೆ" ಎಂದಳು ಅವಳು.

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಸಂಜೆ ಗಂಡನಿಗೂ ಅದನ್ನೇ ಹೇಳಿದಳು. ಅವನು ಒಂದು ಕ್ಷಣ ಅವಳನ್ನು ನೋಡಿ, "ಒಂದೂವರೆ ಆದ್ರೆ ಪರವಾಗಿಲ್ಲ" ಎಂದು ಉಗುರಿನ ಸಂದಿಯ ಗ್ರೀಸ್ ಕೆರೆದುಕೊಳ್ಳತೊಡಗಿದ. ಮುಂದಿನ ತಿಂಗಳು ಮನೆ ಬದಲಾಯಿಸಿದರು.

"ಅಂಚು ಕೊರೆಯೋಳು ಅಂಚಿಗೇ ಹೋದಳು" ಎಂದು ಕಾರ್ಖಾನೆಯಲ್ಲಿ ತಮಾಷೆ ಮಾಡಿದರು. ಅವಳೂ ನಕ್ಕಳು.

ಬಡಾವಣೆಯ ಮೊದಲ ಬಸ್ಸು ಐದು ನಲವತ್ತಕ್ಕೆ. ಅದು ತಪ್ಪಿದರೆ ಎಂಟೂವರೆಯ ಹಾಜರಿ ತಪ್ಪಿದಂತೆಯೇ. ಕತ್ತಲಲ್ಲಿ ಎದ್ದು, ಅಡುಗೆ ಮಾಡಿ ಡಬ್ಬಿ ಕಟ್ಟಿ, ಮಲಗಿದ ಮಗಳ ಹಣೆಗೊಂದು ಮುತ್ತು ಕೊಟ್ಟು ಓಡುವಳು. ಗಂಡ ಅವಳಿಗಿಂತ ಅರ್ಧ ಗಂಟೆ ತಡವಾಗಿ ಹೊರಡುವನು, ಬರುವ ಹೊತ್ತಿಗೆ ಲೆಕ್ಕವಿಲ್ಲ. ಅವಳು ವಾಪಸಾಗುವಾಗ ಎಂಟೂವರೆ ದಾಟಿರುತ್ತಿತ್ತು. ಮಗಳು ಉಂಡು ಅಜ್ಜಿಯ ಮಗ್ಗುಲಲ್ಲಿ ನಿದ್ದೆ ಹೋಗಿರುತ್ತಿದ್ದಳು. ನಿಂತೇ ನಿದ್ದೆ ಮಾಡುವ ವಿದ್ಯೆ ಎರಡೇ ವಾರದಲ್ಲಿ ಕೈಗೂಡಿತು. ಮೊಣಕಾಲು ಮಾತ್ರ ಅದನ್ನು ಒಪ್ಪಲಿಲ್ಲ. ಸಂಜೆಯ ಹೊತ್ತಿಗೆ ಬನ್ನಿನಂತೆ ಊದಿಕೊಳ್ಳುತ್ತಿತ್ತು.

ಒಳ್ಳೆಯದಾಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಅತ್ತೆಯ ಕೋಣೆಗೆ ಕುರ್ಚಿ ಬಂತು. ಒಡೆದ ಬಕೆಟ್ಟಿನಲ್ಲಿ ಅವರು ಪುದೀನ ಬೆಳೆಸಿದರು. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುವರು, ಯಾರಾದರೂ ತಟ್ಟಿದರೆ "ಯಾರು?" ಎಂದು ಕೇಳುವರು. ಬಾಗಿಲ ಹಿಂದಿನಿಂದ "ಯಾರು" ಎಂದು ಕೇಳುವ ಸುಖಕ್ಕೇ ಕೇಳುತ್ತಿದ್ದರು ಎಂದು ಕಾಣುತ್ತದೆ. ಮಗಳು ಬಯಲಲ್ಲಿ ಆಡಿ ಕಪ್ಪಗೆ ಗಟ್ಟಿಯಾದಳು. ಶಾಲೆ ಬಿಟ್ಟ ಮೇಲೆಲ್ಲ ಅಜ್ಜಿಯ ಜೊತೆಯೇ ಇದ್ದು ಮಾತೂ ಮುದುಕಿಯಂತಾಯಿತು. "ಇವತ್ತು ಊಟ ಹೇಗಿತ್ತಮ್ಮ?" ಎಂದು ಅಮ್ಮ ಫೋನಿನಲ್ಲಿ ಕೇಳಿದರೆ, "ಇದ್ದಿದ್ದರಲ್ಲಿ ನಡೀತು" ಎನ್ನುವಳು. ಆದರೆ ಅಮ್ಮನ ಪಾಲಿಗೆ ಮಗಳು ಇದ್ದದ್ದು ಭಾನುವಾರ ಮಾತ್ರ.

ಎಂಟು ತಿಂಗಳು ಹೀಗೆ ನಡೆಯಿತು. ಒಂದು ಭಾನುವಾರ ಬೆಳಗ್ಗೆ ಮಗಳಿಗೆ ತಲೆ ಸ್ನಾನ ಮಾಡಿಸುತ್ತಿದ್ದಳು. ಸೋಪಿನ ನೊರೆ ಬಲಗಣ್ಣಿಗೆ ಹೋಯಿತು. ಮಗಳು ಆ ಕಣ್ಣು ಬಿಗಿಯಾಗಿ ಮುಚ್ಚಿ ಕಿರುಚಿದಳು.

"ಟವೆಲ್ ತಗೋ, ಒರೆಸ್ಕೋ" ಎಂದು ಅವಳು ಕೈ ಚಾಚಿದಳು.

ಮಗಳ ಕೈ ಟವೆಲಿನ ಪಕ್ಕದ ಗಾಳಿಯನ್ನು ಹಿಡಿಯಿತು.

"ಇಲ್ಲೇ ಇದೆಯಲ್ಲೇ. ಇನ್ನೊಂದು ಕಣ್ಣು ತೆರೆದು ನೋಡು."

"ಬಿಟ್ಟಿದೀನಮ್ಮ" ಎಂದಳು ಮಗಳು. "ಇದು ನೋಡೋ ಕಣ್ಣಲ್ಲ. ಉರೀತಾ ಇದೆಯಲ್ಲ, ಅದು ನೋಡೋ ಕಣ್ಣು. ಇದು ಸುಮ್ನೆ ಇರೋದು."

ಅವಳ ಕೈಯಲ್ಲಿ ಟವೆಲ್ ಹಾಗೇ ಉಳಿಯಿತು. ಒದ್ದೆ ಮೈಯಲ್ಲೇ ಮಗಳನ್ನು ಎತ್ತಿಕೊಂಡು ಬಂದು ಕ್ಯಾಲೆಂಡರ್ ಎದುರು ನಿಲ್ಲಿಸಿದಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, "ಇವತ್ತು ಎಷ್ಟನೇ ತಾರೀಖು, ಓದು" ಎಂದಳು.

"ಅಂಕಿ ಎಲ್ಲಿದೆ? ಬರೀ ಬಿಳಿ."

"ದೊಡ್ಡ ಅಂಕಿ ಕಣೇ. ಕೆಂಪು."

"ಹಾಳೆ ಕಾಣುತ್ತೆ. ಅಂಕಿ ಕಾಣಲ್ಲ" ಎಂದು ಮಗಳು ಚಳಿಗೆ ನಡುಗುತ್ತಾ ಹೇಳಿದಳು. "ಎಲ್ಲರಿಗೂ ಒಂದೇ ಅಲ್ವಾ ನೋಡೋ ಕಣ್ಣು?"

ಅತ್ತೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಗಂಡ ಬಂದು ಮಗಳಿಗೆ ಬಟ್ಟೆ ಸುತ್ತಿದ. ಅವಳಿಗೆ ಮಾತ್ರ ಆಗಲೇ ಗೊತ್ತಾಗಿತ್ತು. ಒಂದು ಗಾಜು ಸಪಾಟು, ಇನ್ನೊಂದು ದಪ್ಪ. ಕನ್ನಡಕಕ್ಕೆ ಡಾಕ್ಟರು ಬರೆದ ಅಂಥ ಚೀಟಿಗಳು ವಾರಕ್ಕೊಂದಾದರೂ ಅವಳ ಮೇಜಿಗೆ ಬರುತ್ತಿದ್ದವು. ಎಷ್ಟೋ ಮಕ್ಕಳಿಗೆ ಅವಳೇ ಅಂಚು ಕೊರೆದು ಕೊಟ್ಟಿದ್ದಳು. ದೀಪದ ಬುಡದಲ್ಲೇ ಕತ್ತಲೆ ಎಂಬ ಮಾತು ಅವಳಿಗೆ ನೆನಪಾಯಿತು.

ಕಣ್ಣಿನ ಡಾಕ್ಟರು ಪರಿಚಯದವರೇ, ಅವರ ಚೀಟಿಗಳೆಲ್ಲ ಅವಳ ಕಾರ್ಖಾನೆಗೇ ಬರುತ್ತಿದ್ದವು. ಮಗಳನ್ನು ಬಹಳ ಹೊತ್ತು ಪರೀಕ್ಷಿಸಿದರು. ಎಡಗಣ್ಣಿನ ಪವರ್ ಹೆಚ್ಚಿದೆ, ಅದರಿಂದ ಬರುವ ಮಸುಕು ಚಿತ್ರವನ್ನು ಮಿದುಳು ಚಿಕ್ಕಂದಿನಿಂದಲೇ ಬೇಡವೆಂದು ತಳ್ಳಿಬಿಟ್ಟಿದೆ, ಈಗ ಆ ಕಣ್ಣು ನೋಡುವುದನ್ನೇ ಮರೆತಿದೆ ಎಂದು ವಿವರಿಸಿದರು. ಕನ್ನಡಕ ಹಾಕಬೇಕು. ಜೊತೆಗೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಐದಾರು ಗಂಟೆ ಪಟ್ಟಿ ಅಂಟಿಸಿ, ಈ ಕಣ್ಣಲ್ಲೇ ಓದಿಸಬೇಕು, ಮಣಿ ಪೋಣಿಸಲು ಹಚ್ಚಬೇಕು.

"ಯಾರಾದ್ರೂ ಪಕ್ಕದಲ್ಲೇ ಕೂತು ಮಾಡಿಸ್ಬೇಕಮ್ಮ. ಮಕ್ಕಳು ಕಿತ್ತು ಹಾಕ್ತಾವೆ."

"ಸರಿಹೋಗುತ್ತಾ ಡಾಕ್ಟ್ರೇ?"

"ಎಂಟು ದಾಟಿದೆ. ಐದಾರು ವರ್ಷದಲ್ಲಿ ಬಂದಿದ್ರೆ ಧೈರ್ಯವಾಗಿ ಹೂಂ ಅಂತಿದ್ದೆ."

"ಹೋದ ವರ್ಷ ಬಂದಿದ್ರೆ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಈಗಿಂತ ಚೆನ್ನಾಗಿರ್ತಿತ್ತು. ಎಷ್ಟು ಅಂತ ಹೇಳಕ್ಕಾಗಲ್ಲ. ಅದನ್ನೆಲ್ಲ ಯೋಚನೆ ಮಾಡ್ಬೇಡಿ."

ಮಗಳ ಗಾಜನ್ನು ಅವಳೇ ಕೊರೆದಳು. ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಎಡಗಡೆಯ ದಪ್ಪ ಗಾಜನ್ನು ಕಲ್ಲಿಗೆ ಹಿಡಿದಾಗ ಹದಿನಾರು ವರ್ಷದಲ್ಲಿ ಮೊದಲ ಸಲ ಬೇಕಾದ್ದಕ್ಕಿಂತ ಹೆಚ್ಚು ಒತ್ತಿಬಿಟ್ಟಳು. ಅಂಚಿನಲ್ಲೊಂದು ಚೂರು ಹಾರಿ ಗಾಜು ಹಾಳಾಯಿತು. ಕಾರ್ಖಾನೆಯ ಯಜಮಾನರು ಇನ್ನೊಂದನ್ನು ತಂದಿಟ್ಟರು.

ಪಟ್ಟಿಯ ಕೆಲಸ ಅತ್ತೆಯ ಪಾಲಿಗೆ ಬಂತು. ಶಾಲೆ ಮುಗಿಸಿ ಮಗಳು ಮನೆಗೆ ಬರುವುದು ಎರಡೂವರೆಗೆ. ಅಲ್ಲಿಂದ ಮಲಗುವ ತನಕ ಪಟ್ಟಿ ಹಾಕಬೇಕು. ಪ್ರತಿದಿನ ಮಧ್ಯಾಹ್ನ ಅವಳು ಕಾರ್ಖಾನೆಯಿಂದ ಫೋನು ಮಾಡಿ, "ಹಾಕಿದ್ರಾ ಅತ್ತೆ?" ಎಂದು ಕೇಳುವಳು. "ಹಾಕಿದೀನಿ ಕಣೇ" ಎನ್ನುವರು. ಎರಡು ತಿಂಗಳಾದ ಮೇಲೆ ಡಾಕ್ಟರು ಮತ್ತೆ ನೋಡಿದರು. ಏನೇನೂ ಬದಲಾಗಿರಲಿಲ್ಲ.

"ಪಟ್ಟಿ ಸರಿಯಾಗಿ ಹಾಕ್ತಿದೀರಾ?" ಎಂದರು.

ಆ ಸಂಜೆ ಅತ್ತೆ ತಾವಾಗಿಯೇ ಬಾಯಿ ಬಿಟ್ಟರು. ಕುರ್ಚಿಯಲ್ಲಿ ಕೂತು ಸೆರಗನ್ನು ಬೆರಳಿಗೆ ಸುತ್ತುತ್ತಾ, "ಹಾಕ್ತಿದ್ದೆ ಕಣೇ. ಹಾಕಿದ ದಿನಾನೇ ಹೊಸಿಲು ಎಡವಿ ಬಿದ್ಲು, ಮೊಣಕಾಲು ತರಚ್ಕೊಂಡ್ಲು. ತೆಗೆದುಬಿಟ್ಟೆ. ಮಾರನೇ ದಿನ, ಅಜ್ಜಿ ನಿನ್ನ ಮುಖ ಕಾಣ್ತಿಲ್ಲ ಅಂತ ಅತ್ಲು. ಮಗು ಕುರುಡಿಯ ಹಾಗೆ ಗೋಡೆ ತಡವೋದನ್ನ ನನ್ನ ಕೈಲಿ ನೋಡಕ್ಕಾಗ್ಲಿಲ್ಲ. ಸ್ವಲ್ಪ ಹೊತ್ತು ಹಾಕಿ ತೆಗೀತಿದ್ದೆ. ನಿನಗೆ ಹೇಳಕ್ಕೆ ಬಾಯಿ ಬರ್ಲಿಲ್ಲ" ಎಂದರು.

ಅವಳಿಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಮುದುಕಿಯ ಮುಖ ನೋಡಿ ಬೈಯದೆ ಬಿಟ್ಟಳು. ತಾನು ಅಲ್ಲಿ ಇದ್ದಿದ್ದರೆ ತೆಗೆಯುತ್ತಿರಲಿಲ್ಲವೇ? ಗೊತ್ತಿಲ್ಲ. ಇರಲೇ ಇಲ್ಲವಲ್ಲ.

"ನಾವು ಊರೊಳಗೇ ವಾಪಸ್ ಹೋಗೋಣ" ಎಂದರು ಅತ್ತೆ. "ನನಗೆ ಕೋಣೆ ಬೇಡ. ಆ ಓಣಿಯಂಥದ್ದೇ ಎಲ್ಲಾದ್ರೂ ಸಿಕ್ಕಿದ್ರೆ ಸಾಕು. ನೀನು ಹತ್ತಿರ ಇದ್ರೆ ನೀನೇ ಮಾಡಿಸ್ಬಹುದು."

ಹಾಗೂ ಪ್ರಯತ್ನಿಸಿದರು. ಹಳೆಯ ಕಟ್ಟಡದ ಜಾಗದಲ್ಲಿ ಈಗ ತಗಡಿನ ಬೇಲಿ, ಒಳಗೆ ಆಳವಾದ ಗುಂಡಿ. ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಒಂದೇ ಕೋಣೆಯ ಮನೆ ಸಿಕ್ಕಿತು. ಬಾಗಿಲು ತೆರೆದವಳು, "ಎಷ್ಟು ಜನ?" ಎಂದಳು. "ನಾಲ್ಕು" ಎಂದರು. "ಮೂರಕ್ಕಿಂತ ಹೆಚ್ಚು ಆಗಲ್ಲ" ಎಂದು ಬಾಗಿಲು ಹಾಕಿಕೊಂಡಳು. ನಾಲ್ಕರಲ್ಲಿ ಯಾರನ್ನು ಬಿಡುವುದು?

ಯಜಮಾನರನ್ನು ಕೇಳಿದಳು, ಮಧ್ಯಾಹ್ನವೇ ಮನೆಗೆ ಹೋಗುವ ಹಾಗೆ ಏನಾದರೂ ಮಾಡಿಕೊಡಿ ಎಂದು. ಅವರು ಒಂದು ದಿನವಿಡೀ ಯೋಚಿಸಿ ಬಂದು, "ನೋಡಮ್ಮ, ನೀನು ಬೆಳಗ್ಗೆ ಆರಕ್ಕೆ ಬಾ. ನಾನೇ ಬಂದು ಬೀಗ ತೆಗೀತೀನಿ. ಎರಡು ಗಂಟೆಗೆ ಹೊರಟುಬಿಡು" ಎಂದರು. ಎಷ್ಟು ದೊಡ್ಡ ಮನಸ್ಸು. ಅವಳು ಕೈ ಮುಗಿದು, "ನಮ್ಮ ಮೊದಲನೇ ಬಸ್ಸು ಹೊರಡೋದೇ ಐದು ನಲವತ್ತಕ್ಕೆ ಸಾರ್. ಎಂಟಕ್ಕೆ ಮುಂಚೆ ಇಲ್ಲಿಗೆ ಬರಲ್ಲ" ಎಂದಳು. ಕೆಲಸ ಬಿಡೋಣವೆಂದರೆ ಒಬ್ಬರ ಸಂಬಳದಲ್ಲಿ ಈ ಅಗ್ಗದ ಮನೆಯೂ ನಡೆಯುವಂತಿರಲಿಲ್ಲ. ಬಡಾವಣೆಯ ಹತ್ತಿರ ಅವಳಿಗೆ ಗೊತ್ತಿದ್ದ ಕೆಲಸ ಕೊಡುವವರು ಯಾರೂ ಇರಲಿಲ್ಲ. ಅಲ್ಲಿ ಇದ್ದದ್ದು ಎರಡು ದಿನಸಿ ಅಂಗಡಿ, ಒಂದು ಸಿಮೆಂಟ್ ಗೋದಾಮು.

ಮುಂದಿನ ಭಾನುವಾರ ತಾರಸಿಯಲ್ಲಿ ಗಂಡ ಹೆಂಡತಿ ಬಟ್ಟೆ ಒಣಹಾಕುತ್ತಿದ್ದರು. ಅವನು ಹಿಂಡುವನು, ಅವಳು ಕೊಡವಿ ಹರಡುವಳು. ಒಂದು ಹೊದಿಕೆಯನ್ನು ಹಗ್ಗಕ್ಕೆ ಹಾಕಿ, ಅದರ ಮರೆಯಲ್ಲಿ ನಿಂತು ಅವಳು ಹೇಳಿದಳು:

"ರೀ, ನಾನೊಂದು ಸುಳ್ಳು ಹೇಳಿದ್ದೆ. ಆವತ್ತು ಬಸ್ಸಲ್ಲಿ ನೋಡಕ್ಕೆ ಹೋಗಿದ್ನಲ್ಲ. ಒಂದೂವರೆ ಗಂಟೆ ಅಲ್ಲ, ಎರಡು ಇಪ್ಪತ್ತು ಹಿಡಿದಿತ್ತು."

ಹೊದಿಕೆಯ ಆ ಕಡೆ ನೀರು ಹಿಂಡುವ ಸದ್ದು ನಿಂತಿತು.

"ಗೊತ್ತು" ಎಂದ ಅವನು. "ಹಿಂದಿನ ದಿನಾನೇ ನಾನು ಹೋಗಿ ಬಂದಿದ್ದೆ. ನನಗೆ ಎರಡೂಕಾಲು ಗಂಟೆ ಆಯ್ತು."

ಅವಳು ಹೊದಿಕೆ ಸರಿಸಿದಳು. "ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೇ ಬೇಡ ಅಂತೀಯ ಅಂದ್ಕೊಂಡಿದ್ದೆ. ಹೆತ್ತ ಅಮ್ಮನ ಕೋಣೆ ವಿಷಯ, ನಾನು ಹೇಗೆ ಬೇಡ ಅನ್ಲಿ? ನೀನು ಒಂದೂವರೆ ಅಂದಾಗ, ಸರಿ, ಇವಳಿಗೇ ಆ ಮನೆ ಬೇಕಾಗಿದೆ ಅಂದ್ಕೊಂಡೆ."

"ನನಗೆ ಬೇಕಾಗಿರ್ಲಿಲ್ಲ."

"ನನಗೂ."

ಅವಳಿಗೆ ನಗು ಬಂತು. ಅದು ನಗುವೋ ಅಳುವೋ ಗೊತ್ತಾಗದ ಹಾಗೆ ಬಹಳ ಹೊತ್ತು ಇತ್ತು. ಅವನು ಒದ್ದೆ ಕೈಯನ್ನು ಅವಳ ಬೆನ್ನ ಮೇಲಿಟ್ಟು ನಿಂತ. "ಸತ್ಯ ಹೇಳಿದ್ರೂ ಎಲ್ಲಿಗೆ ಹೋಗ್ತಿದ್ವಿ ಹೇಳು" ಎಂದ. ಕೆಳಗೆ ಬಯಲಿನಲ್ಲಿ ಮಗಳು ಕನ್ನಡಕವನ್ನು ಕಿಸೆಯಲ್ಲಿಟ್ಟುಕೊಂಡು ಓಡುತ್ತಿದ್ದಳು.

ಆಮೇಲೆ ಅವರು ಮಾಡಬಹುದಾದದ್ದು ಮಾಡಿದರು. ಅವಳು ನಾಲ್ಕೂವರೆಗೇ ಮಗಳನ್ನು ಎಬ್ಬಿಸುವಳು. ನಿದ್ದೆಗಣ್ಣಿನ ಮಗುವಿಗೆ ಪಟ್ಟಿ ಅಂಟಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ತರಕಾರಿ ಹೆಚ್ಚುತ್ತಾ ಅಕ್ಷರಗಳನ್ನು ಓದಿಸುವಳು. ಬಸ್ಸಿಗೆ ಓಡುವ ತನಕ ಐವತ್ತು ನಿಮಿಷ. ಮಗಳು ಅರ್ಧ ಹೊತ್ತು ತೂಕಡಿಸುವಳು. ಮಧ್ಯಾಹ್ನ ಅತ್ತೆ ಕಲ್ಲುಮನಸ್ಸು ಮಾಡಿಕೊಂಡು ಎರಡು ಗಂಟೆ ಪಟ್ಟಿ ಹಾಕಿಸುವರು. ಆ ಎರಡು ಗಂಟೆ ತಾವೂ ಒಂದು ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಮೊಮ್ಮಗಳ ಎದುರು ಕೂತು, "ನೋಡೇ, ನಾನೂ ನಿನ್ನ ಹಾಗೆ" ಎಂದು ಮಣಿಗಳನ್ನು ನೆಲಕ್ಕೆ ಚೆಲ್ಲುವರು. ಭಾನುವಾರವಿಡೀ ಅಪ್ಪ ಅಮ್ಮ ಸರದಿಯ ಮೇಲೆ ಪಕ್ಕದಲ್ಲಿ ಕೂರುವರು. ಹೀಗೆ ಒಂದು ವರ್ಷ.

ಡಾಕ್ಟರ ಗೋಡೆಯ ಹಲಗೆಯಲ್ಲಿ ಮಗಳ ಎಡಗಣ್ಣು ಮೊದಲು ಓದಿದ್ದು ಎಲ್ಲಕ್ಕಿಂತ ಮೇಲಿನ ಒಂದೇ ಅಕ್ಷರ. ಆರು ತಿಂಗಳಲ್ಲಿ ಎರಡನೆಯ ಸಾಲಿಗೆ ಬಂತು, ಒಂಬತ್ತಕ್ಕೆ ಮೂರನೆಯದಕ್ಕೆ. ಮನೆಯಲ್ಲಿ ಎಲ್ಲರೂ ಹಿಗ್ಗಿದರು. ವರ್ಷ ತುಂಬಿದಾಗಲೂ ಮೂರನೆಯ ಸಾಲೇ. ಇನ್ನೂ ಮೂರು ತಿಂಗಳು ನೋಡೋಣ ಎಂದರು ಡಾಕ್ಟರು. ಆಗಲೂ ಮೂರೇ.

"ಇನ್ನು ಪಟ್ಟಿ ಬೇಡಮ್ಮ" ಎಂದರು. "ಮಗೂನ ಹಿಂಸೆ ಮಾಡಿದ ಹಾಗಾಗುತ್ತೆ. ಬಲಗಣ್ಣನ್ನ ಜೋಪಾನ ಮಾಡಿ. ಕನ್ನಡಕ ಯಾವತ್ತೂ ತೆಗೀಬಾರ್ದು."

"ಇಷ್ಟೇನಾ ಡಾಕ್ಟ್ರೇ?"

"ಇಷ್ಟೇ."

ಮಗಳಿಗೆ ಹಬ್ಬದಷ್ಟು ಖುಷಿ. ಆಸ್ಪತ್ರೆಯ ಬಾಗಿಲಲ್ಲೇ ಕುಣಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕಂಡ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದಳು. ಯಾವ ಕಣ್ಣಿನಿಂದ ಎಂದು ಅಮ್ಮ ಕೇಳಲಿಲ್ಲ.

ಮಾರನೆಯ ದಿನ ಅವಳ ಮೇಜಿಗೆ ಹದಿನೆಂಟು ಚೀಟಿಗಳು ಬಂದಿದ್ದವು. ಏಳನೆಯದರಲ್ಲಿ ಬಲಗಣ್ಣಿಗೆ ದೊಡ್ಡ ಪವರ್, ಎಡಕ್ಕೆ ಏನೂ ಇಲ್ಲ. ವಯಸ್ಸು ಎಂದಿದ್ದಲ್ಲಿ ನಾಲ್ಕು ಎಂದು ಬರೆದಿತ್ತು. ಅವಳು ಅದನ್ನು ಎರಡು ಸಲ ಓದಿದಳು. ಯಾರೋ ಮನೆಯಲ್ಲಿದ್ದವರು ಸಮಯಕ್ಕೆ ಸರಿಯಾಗಿ ನೋಡಿದ್ದರು. ಸಂತೋಷ ಬರುತ್ತದೆಂದು ಕಾದಳು. ಬಂದದ್ದು ಬೇರೇನೋ, ಅದನ್ನು ನುಂಗಿಕೊಂಡಳು. ಆ ಗಾಜನ್ನು ಮಿಕ್ಕವುಗಳಿಗಿಂತ ಮೊದಲೇ ತೆಗೆದುಕೊಂಡು ಕೊರೆದಳು. ಸಣ್ಣ ಫ್ರೇಮು, ಬೊಂಬೆಗೆ ಹಾಕುವಷ್ಟು. ಗಾಜು ಕೂತಾಗ ಟಕ್ ಎಂದು ಸದ್ದಾಯಿತು. ಸಂದು ಇಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಒರೆಸಿ, ತಾನೇ ಎದ್ದುಹೋಗಿ ಯಜಮಾನರ ಕೈಗೆ ಕೊಟ್ಟಳು.

"ಇದನ್ನ ಇವತ್ತೇ ಕಳಿಸಿಬಿಡಿ ಸಾರ್" ಎಂದಳು. "ನಾಳೆ ಅಂತ ಇಟ್ಕೋಬೇಡಿ."